ಎರ್ರಿಯಪ್ಪ ಮುಚ್ಚಿಡದ ಏಳು ವರ್ಷ

ಯಶವಂತನಗರದ ಶಾಲೆಯ ಜಗುಲಿಯಲ್ಲಿ ಎರಡು ಮೇಜು ಹಾಕಿಕೊಂಡು, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಗಣಿ ಕೂಲಿಗಳ ಉಸಿರು ಅಳೆಯಲು ಕೂತದ್ದು ಎರಡು ಸಾವಿರದ ಆರನೇ ಇಸವಿಯ ಜನವರಿಯಲ್ಲಿ. ಮೊದಲ ಮೇಜಿನಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಕೊಳವೆ. ಪ್ರಶ್ನೆ ಮುಗಿದವರು ಕೊಳವೆಗೆ ಬಾಯಿಟ್ಟು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಂದೇ ದಮ್ಮಿಗೆ ಊದಬೇಕು. ಪಕ್ಕದ ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದಿರಿನ ಧೂಳು ಕುಡಿದು ಕುಡಿದು ಈ ಜನರ ಶ್ವಾಸಕೋಶ ಏನಾಗಿದೆ ಎಂದು ತಿಳಿಯುವುದು ಅವರ ಉದ್ದೇಶ. ಎಕ್ಸ್‌ರೇ ವ್ಯಾನೂ ಬಂದಿತ್ತು. ಭಾನುವಾರವಾದ್ದರಿಂದ ಸಾಲು ಗೇಟು ದಾಟಿ, ಲಾರಿಗಳು ನಿಂತಿದ್ದ ರಸ್ತೆಯವರೆಗೆ ಬೆಳೆದಿತ್ತು.

ಆ ಸಾಲಿನಲ್ಲಿ ಎರ್ರಿಯಪ್ಪ ಇದ್ದ. ನಲವತ್ತರ ಆಸುಪಾಸು, ಎತ್ತರದ ಆಳು, ಭುಜ ಸ್ವಲ್ಪ ಮುಂದಕ್ಕೆ ಬಾಗಿತ್ತು. ಅದಿರು ಒಡೆದು ಪುಡಿ ಮಾಡುವ ಕ್ರಷರಿನಲ್ಲಿ ಜರಡಿಯ ಕೆಳಗೆ ನಿಂತು ಪುಡಿ ಎಳೆಯುವುದು ಅವನ ಕೆಲಸ. ಇಡೀ ಕ್ರಷರಿನಲ್ಲಿ ಅದಕ್ಕಿಂತ ಧೂಳಿನ ಜಾಗ ಇನ್ನೊಂದಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದವನು ಹೊಸಪೇಟೆಯ ಹಂಪೇಶ್. ಹಿಂದೆ ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸ ಮಾಡಿ ಅನುಭವವಿದ್ದವನು, ಪ್ರಶ್ನೆಗಳನ್ನು ನೋಡದೆಯೇ ಕೇಳುತ್ತಿದ್ದ.

"ಹತ್ತು ವರ್ಷದಿಂದ ಎಲ್ಲೆಲ್ಲಿ ಕೆಲಸ ಮಾಡೀರಿ? ಹೇಳ್ಕೋತ ಹೋಗ್ರಿ."

"ಮೂರು ವರ್ಷದಿಂದ ಇಲ್ಲೇ ಕ್ರಷರಿನ್ಯಾಗ ಅದೀನ್ರಿ. ಅದಕ್ಕಿಂತ ಮುಂಚೆ ಏಳು ವರ್ಷ ಜೈಲಿನ್ಯಾಗ ಇದ್ದೆ."

ಹಂಪೇಶನ ಪೆನ್ನು ನಿಂತಿತು. ಅವನು ಕೆಟ್ಟವನಲ್ಲ. ದನಿ ತಗ್ಗಿಸಿ, ಎದುರಿನವನಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಮಾಡಿಕೊಟ್ಟ. "ಜೈಲಿನ್ಯಾಗ ಅಂದ್ರ... ಅಲ್ಲಿ ಕೆಲಸಕ್ಕಿದ್ರೇನು?"

"ಅಲ್ರಿ. ಶಿಕ್ಷಾ ಆಗಿತ್ತು. ಅಲ್ಲೇ ನನಗ ಟಿ.ಬಿ. ಬಂದಿತ್ರಿ. ಎಂಟು ತಿಂಗಳು ಗುಳಿಗಿ ನುಂಗೀನಿ. ಅದನ್ನೂ ಬರ್ಕೋರಿ."

ಹಿಂದೆ ನಿಂತಿದ್ದವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿದ. ಮಾತು ಒಬ್ಬರಿಂದೊಬ್ಬರಿಗೆ ಸಾಲಿನುದ್ದಕ್ಕೂ ಹರಿದು ಗೇಟಿನವರೆಗೂ ಹೋದದ್ದು ಎರ್ರಿಯಪ್ಪನಿಗೆ ಬೆನ್ನಿನಲ್ಲೇ ಗೊತ್ತಾಯಿತು. ಹಂಪೇಶ್ ಮೇಜಿನ ಮೇಲಿದ್ದ ನಿಯಮದ ಪುಸ್ತಕ ತಿರುವಿ ಹಾಕಿದ. ಕೈದಿಗಳನ್ನಾಗಲಿ ಕ್ರಿಮಿನಲ್ ಹಿನ್ನೆಲೆಯವರನ್ನಾಗಲಿ ಸೇರಿಸಿಕೊಳ್ಳತಕ್ಕದ್ದಲ್ಲ ಎಂದು ಅದರಲ್ಲಿ ಒಂದು ಸಾಲಿತ್ತು. ಅವನು ಫಾರಂ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ.

"ನಿಮ್ದು ಬರಂಗಿಲ್ರಿ. ರೂಲ್ಸ್ ಹಂಗೈತಿ."

"ಊದೋದೂ ಬ್ಯಾಡೇನ್ರಿ?"

"ಬ್ಯಾಡ್ರಿ."

ಎರ್ರಿಯಪ್ಪ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಸಾಲಿನ ಪಕ್ಕದಲ್ಲೇ ನಡೆದು ಮನೆಗೆ ಹೋದ. ಪರಿಚಯದವರು ಯಾರೂ ಮಾತಾಡಿಸಲಿಲ್ಲ.

ಅವನು ಕಂಪ್ಲಿ ಕಡೆಯವನು. ಕಾಲುವೆಯ ಕೆಳಗೆ ಭತ್ತದ ಗದ್ದೆ ಇತ್ತು. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ನೀರಿನ ಪಾಳಿಗಾಗಿ ಪಕ್ಕದ ಗದ್ದೆಯ ತಾಯಪ್ಪನ ಜೊತೆ ಜಗಳವಾಯಿತು. ಮಾತಿಗೆ ಮಾತು ಬೆಳೆಯಿತು, ಕೈಯಲ್ಲಿದ್ದ ಸಲಿಕೆ ಮೇಲೆದ್ದಿತು. ಬಿದ್ದದ್ದು ಒಂದೇ ಏಟು. ತಾಯಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಒಯ್ದವನೂ ಎರ್ರಿಯಪ್ಪನೇ. ಮೂರನೆಯ ದಿನ ತಾಯಪ್ಪ ಸತ್ತ. ಸಲಿಕೆ ತಾಯಪ್ಪನೇ ಬೀಸಿದನೆಂದು ಹೇಳು, ನಾನು ತಡೆದೆ ಅನ್ನು ಎಂದು ವಕೀಲರು ಕಲಿಸಿಕೊಟ್ಟಿದ್ದರು. ಕೋರ್ಟಿನಲ್ಲಿ ನಿಂತಾಗ ಎರ್ರಿಯಪ್ಪನ ಬಾಯಿಂದ ಅದು ಬರಲಿಲ್ಲ. ನಾನೇ ಹೊಡೆದೆ ಅಂದ. ಏಳು ವರ್ಷ ಶಿಕ್ಷೆಯಾಯಿತು.

ಜೈಲಿನಲ್ಲಿ ಎರಡನೆಯ ವರ್ಷ ಕೆಮ್ಮು ಹಿಡಿಯಿತು, ಜ್ವರ ಬಿಡಲಿಲ್ಲ, ಕಫದಲ್ಲಿ ರಕ್ತ ಬಂತು. ಅಲ್ಲಿನ ವೈದ್ಯರು ಮಾತ್ರೆ ಶುರು ಮಾಡಿದರು. ಗುಣವಾದ ಮೇಲೆ, ಏಳನೆಯ ತರಗತಿವರೆಗೆ ಓದಿದ್ದಾನೆ, ಕೈ ನಡುಗುವುದಿಲ್ಲ ಎಂದು ಅವನನ್ನೇ ರೋಗಿಗಳ ಕೋಣೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡರು. ಯಾವ ಗುಳಿಗೆಯಿಂದ ಮೂತ್ರ ಕೆಂಪಗಾಗುತ್ತದೆ, ಯಾವುದರಿಂದ ಕಾಲು ಜುಮ್ಮೆನ್ನುತ್ತದೆ, ಕಫವನ್ನು ಬೆಳಗಿನ ಹೊತ್ತೇ ಏಕೆ ಹಿಡಿಯಬೇಕು, ಎಲ್ಲ ಕಲಿತ. ಅಲ್ಲಿ ಸುಂಕಪ್ಪ ಎಂಬ ಕೈದಿ ಇದ್ದ. ಹೊರಗಿದ್ದಾಗಲೇ ಅವನು ಎರಡು ಸಲ ಟಿ.ಬಿ. ಮಾತ್ರೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದ, ಆದರೆ ವೈದ್ಯರು ಕೇಳಿದಾಗ ಇಲ್ಲವೆಂದಿದ್ದ. ಹೊಸ ರೋಗಿಗೆ ಕೊಡುವ ಮಾತ್ರೆಯನ್ನೇ ಕೊಟ್ಟರು. ರೋಗ ಅದಕ್ಕೆ ಬಗ್ಗಲಿಲ್ಲ. ಕೊನೆಯ ವಾರ ಸುಂಕಪ್ಪ ಎರ್ರಿಯಪ್ಪನ ಕೈ ಹಿಡಿದು, "ಹೇಳಿದ್ರ ಬೈತಾರೇನೋ ಅಂತ ಹೇಳ್ಲಿಲ್ಲಲೇ," ಅಂದ. ಬರೀ ಬೈಗುಳದ ಹೆದರಿಕೆಗೆ ಮನುಷ್ಯ ಸತ್ತನಲ್ಲ ಎಂದು ಎರ್ರಿಯಪ್ಪ ಬಹಳ ದಿನ ಒಳಗೊಳಗೇ ಕುದ್ದ. ಡಾಕ್ಟರು ಕೇಳಿದ್ದಕ್ಕೆ ಸುಳ್ಳು ಹೇಳಬಾರದು ಎಂದು ಅವನು ಗಟ್ಟಿ ಮಾಡಿಕೊಂಡದ್ದು ಅಲ್ಲಿ.

ಬಿಡುಗಡೆಯಾದ ಮೇಲೆ ಅವನು ಊರಿಗೆ ಹೋಗಲಿಲ್ಲ. ತಾಯಪ್ಪನ ಹೆಂಡತಿ ಚೆನ್ನಬಸಮ್ಮ ಅದೇ ಓಣಿಯಲ್ಲಿದ್ದಳು. ದಿನ ಬೆಳಗಾದರೆ ಆಕೆ ತನ್ನ ಮುಖ ನೋಡುವಂತಾಗಬಾರದು ಅನ್ನುವುದೊಂದೇ ಅವನ ತಲೆಯಲ್ಲಿತ್ತು. ಹೊಸಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು, ಹೋಟೆಲಿನಲ್ಲಿ ಪಾತ್ರೆ ತಿಕ್ಕಿ ಏಳು ವರ್ಷ ಕಾದಿದ್ದ ಹೆಂಡತಿ ಜಂಬಕ್ಕನನ್ನು ಕರೆದುಕೊಂಡು ನೇರ ಸಂಡೂರಿನ ಗುಡ್ಡಕ್ಕೆ ಬಂದ. ಆಗ ತಾನೇ ಅದಿರಿಗೆ ಚೀನಾದಿಂದ ಬೇಡಿಕೆ ಬಂದು, ಲಾರಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಓಡುತ್ತಿದ್ದ ಕಾಲ. ಎರಡು ಕೈ ಇದ್ದರೆ ಸಾಕು, ಹಿಂದಿನದನ್ನು ಯಾರೂ ಕೇಳುತ್ತಿರಲಿಲ್ಲ.

ಕೇಳದಿದ್ದವರಿಗೆ ಈಗ ಗೊತ್ತಾಗಿತ್ತು. ಸೋಮವಾರ ಬೆಳಿಗ್ಗೆ ಕ್ರಷರಿನ ಮೇಸ್ತ್ರಿ ಪಕ್ಕೀರಪ್ಪ ಅವನನ್ನು ಜರಡಿಯ ಹತ್ತಿರ ಹೋಗಲು ಬಿಡಲಿಲ್ಲ.

"ನಾ ಏನೂ ಅನ್ನಂಗಿಲ್ಲಪಾ ಎರ್ರಿ. ನಿನ್ನ ಕೂಡ ಒಂದು ದಿನ ಮಾತು ಬಂದಿಲ್ಲ. ಆದ್ರ ಮಂದಿ ಹೆದರತಾರ. ಮಾಲಕರಿಗೂ ಸುದ್ದಿ ಹೋಗೈತಿ. ನಾಳಿಂದ ಬರಬ್ಯಾಡ."

ಮನೆಯಲ್ಲಿ ಜಂಬಕ್ಕ ರೊಟ್ಟಿ ತಟ್ಟುತ್ತಿದ್ದವಳು ಎದ್ದು ನಿಂತಳು. "ಅದೊಂದು ಮಾತು ನುಂಗಿದ್ರ ಏನ್ ಗಂಟಲಿಗೆ ಸಿಗ್ತಿತ್ತಾ? ಗುಳಿಗಿ ಕೊಡೋರಲ್ಲ, ಸೂಜಿ ಹಾಕೋರಲ್ಲ. ಬರೇ ಊದಸಾಕ ಬಂದೋರಿಗೆ ಎದಕ್ಕ ಹೇಳಿದಿ?"

"ಎದಿ ನೋಡಾಕ ಬಂದಿದ್ರು. ನನ್ನ ಎದ್ಯಾಗ ಜೈಲೂ ಐತಿ. ಅದನ್ನ ಬಿಟ್ಟು ಹೆಂಗ ಹೇಳ್ಲಿ?" ಅಂದ ಎರ್ರಿಯಪ್ಪ. ಜಂಬಕ್ಕ ಮತ್ತೆ ರೊಟ್ಟಿ ತಟ್ಟಲು ಕೂತಳು.

ಆ ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ತ್ರಿವೇಣಿ. ಹೊಸಪೇಟೆಯ ಅಕ್ಕಿ ಗಿರಣಿಯವರ ಮನೆಯ ಮಗಳು, ವೈದ್ಯಕೀಯ ಓದಿ ಸಂಶೋಧನೆಗೆ ಇಳಿದವಳು. ಆ ವಾರದ ಕೊನೆಗೆ ಸಂಡೂರಿನಲ್ಲಿ ಕೂತು ಎಕ್ಸ್‌ರೇಗಳನ್ನೂ ಫಾರಂಗಳನ್ನೂ ಜೋಡಿಸಿ ನೋಡುತ್ತಿದ್ದವಳಿಗೆ ಒಂದು ವಿಷಯ ತಾಳೆಯಾಗಲಿಲ್ಲ. ನಲವತ್ತಕ್ಕೂ ಹೆಚ್ಚು ಜನರ ಎಕ್ಸ್‌ರೇಯಲ್ಲಿ ಹಳೆಯ ಟಿ.ಬಿ.ಯ ಕಲೆ ಎದ್ದು ಕಾಣುತ್ತಿತ್ತು, ಆದರೆ ಟಿ.ಬಿ. ಆಗಿತ್ತೆಂದು ಒಪ್ಪಿಕೊಂಡವರು ಆರೇ ಮಂದಿ.

"ಉಳಿದೋರು ಯಾಕ ಸುಳ್ಳು ಹೇಳ್ಯಾರ ಹಂಪೇಶ್?"

ಹಂಪೇಶ್ ಗೆರೆ ಹೊಡೆದ ಫಾರಂಗಳ ಕಟ್ಟು ತೆಗೆದು ಮೇಲಿನದನ್ನು ಕೊಟ್ಟ. "ಇವನೊಬ್ಬ ಖರೇ ಹೇಳಿದ್ದ ಮೇಡಂ. ನಾವು ಕಳಿಸಿಬಿಟ್ವಿ. ಮರುದಿನ ಅವನ ಕೆಲಸಾನೂ ಹೋತಂತ."

ಮಧ್ಯಾಹ್ನಕ್ಕೆ ಜೀಪು ಎರ್ರಿಯಪ್ಪನ ತಗಡಿನ ಮನೆಯ ಮುಂದೆ ನಿಂತಿತು. ಜಂಬಕ್ಕ ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಅನ್ನದೆ, ಅನ್ನಬೇಕಾದ್ದನ್ನೆಲ್ಲ ಅಂದಳು. "ಓದಿದೋರು ನೀವು. ಮಂದಿ ನಡುವ ಕುಂದ್ರಿಸಿ ಕೇಳಿ, ನಮ್ಮ ಕೂಳು ಕಳದ್ರಿ." ತ್ರಿವೇಣಿ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಳು. "ನಮ್ಮ ತಪ್ಪೇ ಅಮ್ಮಾ. ಪ್ರಶ್ನೆ ಕೇಳೋ ಜಾಗ ಅದಾಗಿರಲಿಲ್ಲ. ಅದನ್ನ ಹೇಳಾಕ ಬಂದೀನಿ," ಅಂದಳು. ಆಮೇಲೆ ಜಂಬಕ್ಕ ಚಾಪೆ ಹಾಸಿದಳು. ಚಹಾ ಮಾತ್ರ ಸ್ವಲ್ಪ ತಡವಾಗಿ ಬಂತು.

ನಿಯಮ ಏಕೆ ಹಾಗಿದೆ ಎಂದು ತ್ರಿವೇಣಿ ವಿವರಿಸಿದಳು. ಒಂದು ಕಾಲಕ್ಕೆ ಎಷ್ಟೋ ದೇಶಗಳಲ್ಲಿ ಕೈದಿಗಳನ್ನು ಕೇಳದೆ ಅವರ ಮೈಮೇಲೆ ಔಷಧಿ ಪ್ರಯೋಗ ಮಾಡಿದ್ದರು. ಅದು ಮತ್ತೆ ಆಗಬಾರದೆಂದು ಕಟ್ಟಳೆ ಬಂತು. ಅದು ಜೈಲಿನ ಒಳಗಿದ್ದವರಿಗೆಂದು ಮಾಡಿದ್ದು. ಹೊರಗೆ ಬಂದವರನ್ನೂ ಯಾರೋ ಅದೇ ಸಾಲಿಗೆ ಸೇರಿಸಿ ಬರೆದಿದ್ದರು, ಉಳಿದವರು ಹಾಗೇ ನಕಲು ಮಾಡುತ್ತ ಬಂದಿದ್ದರು.

"ನಮ್ಮನ್ನ ಕಾಪಾಡಾಕಂತ ಹೊರಗ ಇಟ್ರೇನು?" ಎರ್ರಿಯಪ್ಪನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದ: "ಮೇಡಮ್ಮಾರ, ನಾ ಒಬ್ಬನೇ ಅಲ್ಲ. ಪರ್ಮಿಟ್ ಇಲ್ಲದ ಲಾರಿ ಹಿಡಿದಾಗ ಒಳಗ ಹೋಗೋರು ಡ್ರೈವರು, ಕ್ಲೀನರು, ಲೋಡ್ ಮಾಡೋ ಕೂಲಿಗೋಳು. ಜಾಮೀನಿನ ಮ್ಯಾಲೆ ಹೊರಗ ಬಂದು ಮತ್ತ ಇದೇ ಗುಡ್ಡಕ್ಕ ಬರ್ತಾರ. ನನ್ನಂಗ ಶಿಕ್ಷಾ ಮುಗಿಸಿದೋರೂ ಅದಾರ. ಎಲ್ಲಿ ಧೂಳು ಭಾಳೋ ಅಲ್ಲಿ ನಾವೇ ಇರ್ತೀವಿ, ಯಾಕಂದ್ರ ಬ್ಯಾರೇರು ಅಲ್ಲಿ ನಿಲ್ಲಂಗಿಲ್ಲ. ನಿಮ್ಮ ಸಾಲಿನ್ಯಾಗೂ ಇದ್ರು. ಹೆಸರು ಬ್ಯಾರೆ ಹೇಳಿ ಊದಿ ಹೋಗ್ಯಾರ. ನನ್ನ ಗತಿ ನೋಡಿದ ಮ್ಯಾಲೆ ಉಳಿದೋರು ಬರಾದೂ ಇಲ್ಲ."

ತ್ರಿವೇಣಿಯ ಕೈಯಲ್ಲಿದ್ದ ಚಹಾ ಆರಿತು. ಅತಿ ಹೆಚ್ಚು ಧೂಳು ಕುಡಿದವರನ್ನೇ ಬಿಟ್ಟು ಧೂಳಿನ ಲೆಕ್ಕ ಹಾಕುತ್ತಿದ್ದೇವೆ, ಸಿಕ್ಕವರು ಹೇಳಿದ್ದರಲ್ಲೂ ಅರ್ಧ ಸುಳ್ಳು ಎಂಬುದು ಅವಳಿಗೆ ಆ ಚಾಪೆಯ ಮೇಲೆ ಕೂತಾಗ ಸ್ಪಷ್ಟವಾಯಿತು. ನಿಯಮ ಬದಲಾಯಿಸುವುದು ಅವಳೊಬ್ಬಳ ಕೈಯಲ್ಲಿರಲಿಲ್ಲ. ಸಂಶೋಧನೆಯಿಂದ ಜನರಿಗೆ ಕೇಡಾಗದಂತೆ ನೋಡಿಕೊಳ್ಳುವ ಒಂದು ಸಮಿತಿ ಇತ್ತು. ಅದರ ಮುಂದೆ ಬಂದು ಇದನ್ನೇ ಹೇಳುತ್ತೀರಾ ಎಂದು ಕೇಳಿದಳು.

ಎರ್ರಿಯಪ್ಪ ಹೆಂಡತಿಯ ಕಡೆ ನೋಡಿದ. "ಹೋಗ್ಯಾದ್ರೂ ಹೇಳಿ ಬಾ," ಅಂದಳು ಜಂಬಕ್ಕ. "ಇನ್ನೇನು ಕಳಕೊಳ್ಳೋದೈತಿ?"

ಸಮಿತಿಯವರು ಮುಂದಿನ ತಿಂಗಳು ಹೊಸಪೇಟೆಗೇ ಬಂದರು. ಒಂದು ಹೋಟೆಲಿನ ಸಭಾಂಗಣ, ಉದ್ದನೆಯ ಮೇಜು, ಏಳು ಜನ. ಮಧ್ಯದಲ್ಲಿ ಕೂತಿದ್ದವರು ನಿವೃತ್ತ ನ್ಯಾಯಾಧೀಶರು, ಕೊಟ್ರಯ್ಯನವರು. ಅದನ್ನು ಕೇಳಿದ ಎರ್ರಿಯಪ್ಪ ಬಾಗಿಲ ಹತ್ತಿರವೇ ಕೈಕಟ್ಟಿ ನಿಂತ. ಕುರ್ಚಿ ತೋರಿಸಿದರೂ ನಿಂತೇ ಇದ್ದ, ಮೂರನೆಯ ಸಲ ಹೇಳಿದ ಮೇಲೆ ಕೂತ.

"ನಿಮ್ಮ ಮೇಲಿದ್ದ ಆರೋಪ ಏನು?"

"ನಮ್ಮ ಓಣಿಯ ತಾಯಪ್ಪ ಅಂತ, ನನ್ನ ಕೈಲಿ ಸತ್ತನ್ರಿ."

ಕೊಟ್ರಯ್ಯನವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. "ನೋಡಿ ಎರ್ರಿಯಪ್ಪ, ನಮಗಿರುವ ಅಳುಕು ಇಷ್ಟೇ. ಜೈಲು ಕಂಡು ಬಂದವರಿಗೆ ಡಾಕ್ಟರೂ ಸರ್ಕಾರ, ಪೊಲೀಸರೂ ಸರ್ಕಾರ. ಬೇಡ ಅನ್ನಲು ಹೆದರಿ ಹೂಂ ಅಂದುಬಿಡುತ್ತಾರೆ. ಅಂಥ ಒಪ್ಪಿಗೆಯನ್ನು ಒಪ್ಪಿಗೆ ಅನ್ನಬಹುದೆ?"

ಎರ್ರಿಯಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದ.

"ಹೆದರತಾರ್ರಿ. ಅದು ಖರೇ. ಬಿಳಿ ಕೋಟು ಕಂಡ್ರ ಎದ್ದು ನಿಲ್ಲೋದು ನನಗ ಇನ್ನೂ ಬಿಟ್ಟಿಲ್ಲ. ಅದಕ್ಕ ಮೊದಲ್ನೇ ದಿನ ಕೇಳಬ್ಯಾಡ್ರಿ. ಏನು ಮಾಡ್ತೀವಿ ಅಂತ ಹೇಳಿ ಬಂದುಬಿಡ್ರಿ. ಎರಡು ದಿನ ಬಿಟ್ಟು ಕೇಳ್ರಿ, ಅದೂ ಮಂದಿ ಇಲ್ಲದ ಕಡೆ. ಒಲ್ಲೆ ಅಂದೋರಿಗೂ ಎಕ್ಸ್‌ರೇ ತಗೀರಿ, ಗುಳಿಗಿ ಬೇಕಾದ್ರ ಕೊಡ್ರಿ. ಒಲ್ಲೆ ಅಂದ್ರೂ ಏನೂ ಹೋಗಂಗಿಲ್ಲ ಅಂತ ಗೊತ್ತಾದ ಮ್ಯಾಲೆ ಯಾರು ಹೂಂ ಅಂತಾರ, ಅವರು ಖರೇ ಹೂಂ ಅಂದಂಗ. ಹೆಸರು ಬರಿಯೋ ಹಾಳಿ ಬ್ಯಾರೆ, ಎದಿ ಬಗ್ಗೆ ಬರಿಯೋ ಹಾಳಿ ಬ್ಯಾರೆ ಇರ್ಲಿ. ಹೆಸರಿಂದು ಬೀಗ ಹಾಕಿಡ್ರಿ. ಇಷ್ಟು ಮಾಡಾಕ ಆಗಂಗಿಲ್ಲ ಅಂದ್ರ ಆವಾಗ ನಮ್ಮನ್ನ ಬಿಡ್ರಿ. ನಮ್ಮ ಹೆದರಿಕಿ ನೆಪ ಹೇಳಿ ಬಿಡಬ್ಯಾಡ್ರಿ."

ಸಮಿತಿಯಲ್ಲಿದ್ದ ಒಬ್ಬ ಹಿರಿಯ ವೈದ್ಯರು ಏನೋ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. ಅರ್ಧ ಗಂಟೆ ಅವನನ್ನು ಹೊರಗೆ ಕೂರಿಸಿ ತಮ್ಮತಮ್ಮಲ್ಲಿ ಚರ್ಚೆ ಮಾಡಿದರು. ಒಬ್ಬರು ಕೊನೆಯವರೆಗೂ ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು. ಉಳಿದವರು ಒಪ್ಪಿದರು. ನಿಯಮದ ಆ ಸಾಲು ಹೋಯಿತು. ಎರ್ರಿಯಪ್ಪ ಹೇಳಿದ್ದನ್ನು ಹೆಚ್ಚುಕಡಿಮೆ ಅವನ ಮಾತಿನಲ್ಲೇ ಬರೆದು ಸೇರಿಸಿದರು. ಇಂಥವರನ್ನು ಹುಡುಕಿ, ಮಾತಾಡಿ, ಮನವೊಲಿಸುವ ಕೆಲಸಕ್ಕೆ ಅವನನ್ನೇ ನೇಮಿಸಬೇಕೆಂದು ತ್ರಿವೇಣಿ ಪಟ್ಟು ಹಿಡಿದಳು. ಅದಕ್ಕೂ ಸಹಿಯಾಯಿತು. ಹೊಸ ನಿಯಮದ ಕೆಳಗೆ ಮೊದಲು ಊದಿ, ಎಕ್ಸ್‌ರೇ ತೆಗೆಸಿಕೊಂಡವನೂ ಅವನೇ.

ಕೆಲಸ ಸಲೀಸಾಗಿರಲಿಲ್ಲ. ಮೊದಲ ತಿಂಗಳು ಇಬ್ಬರೇ ಬಂದರು. ಎರ್ರಿಯಪ್ಪ ಲೋಡಿಂಗ್ ಪಾಯಿಂಟುಗಳಿಗೆ ಹೋಗುತ್ತಿದ್ದ, ಲಾರಿ ತೂಗುವ ವೇಬ್ರಿಜ್ಜುಗಳ ಹತ್ತಿರ ನಿಲ್ಲುತ್ತಿದ್ದ, ಕೂಲಿಗಳ ಜೊತೆ ದೋಣಿಮಲೈ ಬಸ್ಸು ಹತ್ತಿ ಇಳಿಯುತ್ತಿದ್ದ. ದರೋಜಿಯ ಕರಡಿ ಗುಡ್ಡದಾಚೆ ಒಂಟಿ ಗುಡಿಸಿಲಿನಲ್ಲಿದ್ದ ಒಬ್ಬ ಲಾರಿ ಡ್ರೈವರನನ್ನು ನೋಡಲು ಎರಡು ಬಸ್ಸು ಬದಲಾಯಿಸಿ ನಡೆದು ಹೋಗಿದ್ದ. ಅವನು ಬಾಗಿಲೇ ತೆರೆಯಲಿಲ್ಲ. ಎರ್ರಿಯಪ್ಪ ಹೊರಗಿನಿಂದಲೇ ಎಲ್ಲ ಹೇಳಿ ಬಂದ. ಆರು ವಾರದ ನಂತರ ಆ ಡ್ರೈವರ್ ತಾನೇ ಸಂಡೂರಿಗೆ ಬಂದು, "ಅವತ್ತು ಬಾಗಿಲ ಹೊರಗ ಮಾತಾಡಿದಾತ ಎಲ್ಲದಾನ?" ಎಂದು ಕೇಳಿದ.

ಎಲ್ಲರಿಗಿಂತ ಗಟ್ಟಿಯಾಗಿ ಒಲ್ಲೆನೆಂದವಳು ಗಾಳೆಮ್ಮ. ಅದಿರು ತುಂಬಲು ರೈಲು ನಿಲ್ಲುವ ಹೊಸಪೇಟೆ ಸೈಡಿಂಗಿನಲ್ಲಿ ವ್ಯಾಗನ್ನುಗಳಿಂದ ಚೆಲ್ಲಿದ ಅದಿರಿನ ಪುಡಿ ಗುಡಿಸುವ ಕೆಲಸ. ಐವತ್ತು ದಾಟಿದ್ದ ಹೆಂಗಸು, ಕಳ್ಳಭಟ್ಟಿ ಕೇಸಿನಲ್ಲಿ ಹನ್ನೊಂದು ತಿಂಗಳು ಒಳಗಿದ್ದು ಬಂದವಳು. ಒಂದು ವ್ಯಾಗನ್ ಗುಡಿಸಲು ನಾಲ್ಕು ಸಲ ಪೊರಕೆಗೆ ಆತು ನಿಂತು ಕೆಮ್ಮುತ್ತಿದ್ದಳು. ಎರ್ರಿಯಪ್ಪನನ್ನು ಮೊದಲ ಸಲ ಬೈದು ಕಳಿಸಿದಳು. ಎರಡನೆಯ ಸಲ, "ಫೋಟೋ ಹಿಡೀತೀರಿ, ಸ್ಟೇಷನ್ನಿಗೆ ಕೊಡ್ತೀರಿ, ನನಗ ಗೊತ್ತೈತಿ," ಅಂದಳು.

ಮೂರನೆಯ ಸಲ ಹೋದಾಗ ಅವನು ಏನನ್ನೂ ಕೇಳಲಿಲ್ಲ. ಕೈಚೀಲದಿಂದ ತನ್ನದೇ ಎಕ್ಸ್‌ರೇ ತೆಗೆದು ಬಿಸಿಲಿಗೆ ಹಿಡಿದ.

"ನೋಡಕ್ಕಾ, ಇದು ನನ್ನ ಎದಿ. ಇಲ್ಲಿ ಮ್ಯಾಲೆ ಬೆಳ್ಳಗ ಕಾಣ್ತೈತಲ್ಲ, ಇದು ಜೈಲಿನ್ಯಾಗ ಬಂದ ಟಿ.ಬಿ.ದು. ಈ ಸಣ್ಣ ಸಣ್ಣ ಚುಕ್ಕಿ ಎಲ್ಲ ಕ್ರಷರಿಂದು. ಎರಡೂ ಕೂಡ್ಯಾವ. ನಾ ಈಗ ಗುಡ್ಡ ಹತ್ತಿದ್ರ ದಮ್ಮು ಹತ್ತತೈತಿ."

ಗಾಳೆಮ್ಮ ಪೊರಕೆ ಬಿಟ್ಟು ಹತ್ತಿರ ಬಂದಳು. ಮನುಷ್ಯನ ಎದೆಯ ಒಳಗನ್ನು ಅವಳು ಎಂದೂ ನೋಡಿರಲಿಲ್ಲ. ಪಕ್ಕೆಲುಬುಗಳನ್ನು ಬೆರಳಿಟ್ಟು ಎಣಿಸಿದಳು. "ಎಪ್ಪಾ, ಇಷ್ಟು ಹಾಳಾಗೈತಿ, ಇನ್ನೂ ತಿರಗಾಡ್ತೀಯಲ್ಲೋ ನೀನು," ಅಂದವಳು, ಸೆರಗಿಗೆ ಕೈ ಒರೆಸಿಕೊಂಡು, "ನಂದೂ ಹೆಂಗೈತಿ ನೋಡೋಣ," ಅಂದಳು.

ಅವಳ ಕಫದಲ್ಲಿ ಟಿ.ಬಿ. ಇತ್ತು. ಕೆಮ್ಮು ಶುರುವಾಗಿ ವರ್ಷವಾಗಿದ್ದರೂ ಆಸ್ಪತ್ರೆಯಲ್ಲಿ ಹಿಂದಿನದನ್ನು ಕೇಳುತ್ತಾರೆಂದು ಹೋಗಿರಲಿಲ್ಲ. ಎರ್ರಿಯಪ್ಪ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ಶುರು ಮಾಡಿಸಿದ. ಮೊದಲ ದಿನವೇ ಹೇಳಿಟ್ಟ: "ಉಚ್ಚಿ ಕೆಂಪಗ ಹೋಗ್ತೈತಿ, ಹೆದರಬ್ಯಾಡ. ಗುಳಿಗಿ ಮಾತ್ರ ಬಿಡಬ್ಯಾಡ." ಆರು ತಿಂಗಳು, ವಾರಕ್ಕೆ ಮೂರು ದಿನ, ಅವಳು ಬರದಿದ್ದರೆ ತಾನೇ ಸೈಡಿಂಗಿಗೆ ಹೋಗಿ ನಿಲ್ಲುತ್ತಿದ್ದ. ಗುಣವಾದ ಮೇಲೆ ಗಾಳೆಮ್ಮ ತಾನೇ ಹನ್ನೆರಡು ಹೆಂಗಸರನ್ನು ಒಪ್ಪಿಸಿ ಕರೆತಂದಳು. ಹೆಂಗಸರಲ್ಲಿ ಜೈಲಿನ ಒಳಗಿದ್ದು ಬಂದವರು ಇಷ್ಟು ಜನ ಇದ್ದಾರೆಂದು ಎರ್ರಿಯಪ್ಪನಿಗೇ ಗೊತ್ತಿರಲಿಲ್ಲ.

ಸುದ್ದಿ ಗುಡ್ಡದಲ್ಲೆಲ್ಲ ಹರಡಿತು. ಒಂದು ದಿನ ಸಂತೆಯಲ್ಲಿ ಮೇಸ್ತ್ರಿ ಪಕ್ಕೀರಪ್ಪ ಎದುರಾಗಿ ಪಕ್ಕಕ್ಕೆ ಕರೆದ. ದೊಡ್ಡ ಗುತ್ತಿಗೆದಾರನೊಬ್ಬ ಅವನನ್ನು ಕಳಿಸಿದ್ದ.

"ಎರ್ರಿ, ನಿನಗ ಒಳ್ಳೇದಾಗ್ಲಿ ಅಂತ ಬಂದೀನಿ. ಯಾರ್‍ಯಾರು ಒಳಗಿದ್ದು ಬಂದಾರ, ಯಾರ ಮ್ಯಾಲೆ ಕೇಸು ಅದಾವ, ಪಟ್ಟಿ ನಿನ್ನ ಹತ್ರ ಐತಲ್ಲ. ಒಮ್ಮೆ ತೋರಿಸಿದ್ರ ಸಾಕು. ಸ್ಟಾಕ್‌ಯಾರ್ಡಿನ್ಯಾಗ ವಾಚ್‌ಮನ್ ಕೆಲಸ, ಕ್ವಾರ್ಟರ್ಸು, ಧೂಳಿಲ್ಲದ ಕಡೆ. ನಿನ್ನ ಎದಿಗೂ ಚಲೋ."

ಎರ್ರಿಯಪ್ಪನಿಗೆ ಆಸೆ ಬರಲಿಲ್ಲವೆಂದರೆ ಸುಳ್ಳು. ಅಧ್ಯಯನ ಮುಗಿದ ಮೇಲೆ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಗಡಿನ ಮನೆಯಲ್ಲಿ ಬೇಸಿಗೆ ಕಳೆಯುವುದು ಎಂಥದೆಂದು ಜಂಬಕ್ಕನಿಗೆ ಗೊತ್ತಿತ್ತು.

"ಪಟ್ಟಿ ಕೊಟ್ರ ಅವರನ್ನೆಲ್ಲ ಏನು ಮಾಡ್ತಾನ ನಿಮ್ಮ ಸಾಹುಕಾರ?"

"ಏನು ಮಾಡ್ತಾರ, ತಗದು ಹಾಕ್ತಾರ. ಗಲಾಟಿ ಮಂದಿ ಬ್ಯಾಡ ಅಂತ."

"ನನ್ನ ತಗದಂಗ?"

ಪಕ್ಕೀರಪ್ಪ ಸಂತೆಯ ಕಡೆ ಮುಖ ತಿರುಗಿಸಿದ. ಎರ್ರಿಯಪ್ಪ ಅವನ ಭುಜ ತಟ್ಟಿ, "ನನ್ನ ನಂಬಿ ಹೇಳ್ಯಾರ ಮೇಸ್ತ್ರಿ. ಅದು ನಂದಲ್ಲ, ಕೊಡಾಕ," ಎಂದು ತರಕಾರಿ ಅಂಗಡಿಯತ್ತ ಹೋದ. ಮನೆಗೆ ಬಂದು ಹೆಂಡತಿಗೆ ಹೇಳಿದ. ಜಂಬಕ್ಕ ಬಹಳ ಹೊತ್ತು ಬದನೆಕಾಯಿ ಹೆಚ್ಚಿದಳು. "ಕ್ವಾರ್ಟರ್ಸಿನ್ಯಾಗ ಫ್ಯಾನ್ ಇರ್ತಿತ್ತು," ಅಂದಳು ಕೊನೆಗೆ. ಅಷ್ಟೇ. ಮರುದಿನ ಅವನು ಹೊರಟಾಗ ಬುತ್ತಿ ಎಂದಿಗಿಂತ ಭಾರವಾಗಿತ್ತು.

ಎರಡು ವರ್ಷ ಹೀಗೆ ನಡೆಯಿತು. ಜೈಲು, ಕೇಸು ಕಂಡ ಅರವತ್ತಮೂರು ಜನ ತಾವಾಗಿ ಒಪ್ಪಿ ಅಧ್ಯಯನಕ್ಕೆ ಸೇರಿದರು. ಏಳು ಜನ ಒಲ್ಲೆ ಅಂದರು. ಅವರಿಗೂ ಎಕ್ಸ್‌ರೇ ಆಯಿತು, ಬೇಕಾದವರಿಗೆ ಮಾತ್ರೆಯೂ ಸಿಕ್ಕಿತು. ಆ ಏಳು ಹೆಸರನ್ನು ಎರ್ರಿಯಪ್ಪ ಯಾರ ಮುಂದೆಯೂ ಎತ್ತಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ವರದಿ ತಯಾರಾಯಿತು. ಅಚ್ಚಿಗೆ ಹೋಗುವ ಮೊದಲು ಊದಿದವರಿಗೆ ಅದನ್ನು ಹೇಳಬೇಕೆಂದು ಎರ್ರಿಯಪ್ಪ ಹಟ ಮಾಡಿದ್ದ. ಸಂಡೂರಿನ ಒಂದು ಕಲ್ಯಾಣ ಮಂಟಪದಲ್ಲಿ ಜನ ಸೇರಿದರು. ತ್ರಿವೇಣಿ ಗೋಡೆಯ ಮೇಲೆ ಚಿತ್ರ ಬಿಟ್ಟು, ಆಡುಮಾತಿನಲ್ಲಿ ವಿವರಿಸಿದಳು. ಮೊದಲು ಅಂದುಕೊಂಡದ್ದಕ್ಕಿಂತ ಧೂಳಿನ ಹಾನಿ ಬಹಳ ಹೆಚ್ಚಿತ್ತು. ಈ ಅರವತ್ತಮೂರು ಜನರನ್ನು ಬಿಟ್ಟಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಟಿ.ಬಿ.ಯ ಹಳೆಯ ಗಾಯ, ಅದರ ಮೇಲೆ ಧೂಳು. ಒಂದು ಇನ್ನೊಂದನ್ನು ಕೆಡಿಸುತ್ತ ಬಂದಿತ್ತು.

ಗೋಡೆಯ ಮೇಲೆ ಒಂದು ಚಿತ್ರದ ತಲೆಯಲ್ಲಿ 'ಅಪರಾಧಿಗಳ ಗುಂಪು' ಎಂದು ಬರೆದಿತ್ತು. ಎರ್ರಿಯಪ್ಪ ಎದ್ದು ನಿಂತ.

"ಮೇಡಂ, ಅದನ್ನ ತಗೀರಿ. ಇಲ್ಲಿ ಕೆಲವರ ಕೇಸು ಇನ್ನೂ ಮುಗದಿಲ್ಲ. ಕೆಲವರು ಬಿಡುಗಡಿ ಆಗ್ಯಾರ. ನಾ ಅಪರಾಧಿ, ಖರೇ. ಆದ್ರೂ ನಾ ಊದಿದ್ದು ಕ್ರಷರಿನ ಆಳಾಗಿ."

ತ್ರಿವೇಣಿ ಕೆಂಪಗಾದಳು, ಅದನ್ನು ಬರೆದವಳು ಅವಳೇ. ಎಲ್ಲರೆದುರೇ ಆ ಪದ ಅಳಿಸಿ, ಏನು ಬರೆಯಲಿ ಎಂದು ಕೇಳಿದಳು. ಹಿಂದಿನಿಂದ ಗಾಳೆಮ್ಮ ಕೂಗಿದಳು: "ಆಮೇಲೆ ಸೇರಿದೋರು ಅಂತ ಬರೀರಿ!" ಮಂಟಪವೆಲ್ಲ ನಕ್ಕಿತು. ಅಚ್ಚಾದ ವರದಿಯಲ್ಲಿ 'ಎರಡನೆಯ ಹಂತದಲ್ಲಿ ಸೇರಿದವರು' ಎಂದೇ ಬಂತು.

ಸಂಡೂರಿನಲ್ಲಿ ಗುರುವಾರಕ್ಕೊಮ್ಮೆ ಗಣಿ ಕೂಲಿಗಳ ಎದೆ ನೋಡುವ ವ್ಯವಸ್ಥೆಯಾಯಿತು. ಧೂಳು ಏಳದಂತೆ ಕೆಲವು ಕ್ರಷರುಗಳು ಜರಡಿಗೆ ನೀರು ಹಾಯಿಸತೊಡಗಿದವು, ಕೆಲವು ಅದನ್ನೂ ಮಾಡಲಿಲ್ಲ. ಎರ್ರಿಯಪ್ಪನ ಶ್ವಾಸಕೋಶದ ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿತ್ತು. ಹೋದದ್ದು ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು ಎಂದು ತ್ರಿವೇಣಿ ನೇರವಾಗಿ ಹೇಳಿದಳು. ಅವನು ಹಾಗೇ ಕೇಳಿಕೊಂಡ, ಗುರುವಾರದ ಕ್ಲಿನಿಕ್ಕಿನಲ್ಲಿ ಕೆಲಸ ಮುಂದುವರಿಸಿದ.

ಹೊಸಪೇಟೆಯ ಒಬ್ಬ ಪತ್ರಕರ್ತರು ಅವನ ಬಗ್ಗೆ ಬರೆಯಬೇಕೆಂದು ಫೋಟೋಗ್ರಾಫರನ ಸಮೇತ ಬಂದಿದ್ದರು. ಅವರಿಗೆ ಚಹಾ ಕುಡಿಸಿ, ಗಾಳೆಮ್ಮನ ಕಥೆ ಹೇಳಿ, ತನ್ನದು ಬೇಡವೆಂದ. "ನನ್ನ ಹೆಸರು ಹಾಕಿದ್ರ ತಾಯಪ್ಪಂದೂ ಬರ್ತೈತ್ರಿ. ಆತನ ಮಗಳಿಗೆ ಗಂಡು ನೋಡಾಕತ್ತಾರಂತ. ಈಗ್ಯಾಕ ಅದನ್ನ ಮತ್ತ ಎಬ್ಬಿಸೋದು? ಬ್ಯಾಡ್ರಿ."

ಮರುವರ್ಷ ಒಂದು ಪತ್ರ ಬಂತು. ಕೊಟ್ರಯ್ಯನವರು ಬರೆದದ್ದು. ಸಮಿತಿಯಲ್ಲಿ ವೈದ್ಯರೂ ವಕೀಲರೂ ಅಲ್ಲದ, ಜನರ ಕಡೆಯವರೊಬ್ಬರು ಇರಬೇಕೆಂಬ ನಿಯಮವಿದೆ, ಆ ಜಾಗಕ್ಕೆ ನೀವು ಬರಬೇಕು ಎಂದಿತ್ತು. ಎರ್ರಿಯಪ್ಪ ಪತ್ರವನ್ನು ಎರಡು ಸಲ ಓದಿ, ಹಂಪೇಶನಿಗೆ ಕೊಟ್ಟು ಮೂರನೆಯ ಸಲ ಓದಿಸಿಕೊಂಡ.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಅವನು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾನೆ. ವಾರ ಮೊದಲೇ ಕನ್ನಡಕ್ಕೆ ತಿರುಗಿಸಿದ ಕಾಗದಗಳು ಮನೆಗೆ ಬರುತ್ತವೆ. ಸಕ್ಕರೆ ಕಾಯಿಲೆ, ಬಾಣಂತಿಯರ ರಕ್ತ, ನೇಕಾರರ ಕಣ್ಣು, ಯಾರ್‍ಯಾರೋ ಏನೇನೋ ಅಭ್ಯಾಸ ಮಾಡುವವರು. ಅವನು ಹೊಸ್ತಿಲ ಬೆಳಕಿಗೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನಕ್ಕೆ ಎಲ್ಲವನ್ನೂ ಓದುತ್ತಾನೆ. ತಿಳಿಯದ್ದಕ್ಕೆ ಪೆನ್ಸಿಲ್ ಗುರುತು ಹಾಕುತ್ತಾನೆ. ಸಭೆಯಲ್ಲಿ ದೊಡ್ಡ ದೊಡ್ಡವರು ಅವನ ಪೆನ್ಸಿಲ್ ಗುರುತಿಗೆ ಉತ್ತರ ಕೊಡಬೇಕಾಗುತ್ತದೆ. ಕಳೆದ ಸಲ ಒಬ್ಬರು, ವಿಳಾಸ ಇಲ್ಲದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬರೆದಿದ್ದರು. ಹಾಗಾದರೆ ಮೇಲ್ಸೇತುವೆಯ ಕೆಳಗಿರುವವರ ಸಕ್ಕರೆ ಕಾಯಿಲೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಇವನು ಕೇಳಿದ್ದಕ್ಕೆ, ಅವರು ಕಾಗದ ವಾಪಸು ತೆಗೆದುಕೊಂಡು ಹೋಗಿ ತಿದ್ದಿಕೊಂಡು ಬಂದರಂತೆ.

ಜಂಬಕ್ಕ ರೈಲಿಗೆಂದು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಡುತ್ತಾಳೆ. ಸಮಿತಿಯ ಏಳು ಜನಕ್ಕೆ ಆಗುವಷ್ಟು ಕಟ್ಟುತ್ತಾಳೆ. ಕೊಟ್ರಯ್ಯನವರಿಗೆ ಬಜ್ಜಿ ಎಂದರೆ ಪ್ರಾಣ ಎಂದು ಗಂಡ ಹೇಳಿದ್ದಾನೆ.